ಗಾಡಿಗೆ ಅಡ್ಡ ನಿಲ್ಲುವವನು

ಗೋದಾಮಿನಲ್ಲಿ ಅವನನ್ನು ಎಲ್ಲರೂ ಗೋಡೆ ಎಂದೇ ಕರೆಯುತ್ತಿದ್ದರು. ಕೆಲಸವೇ ಅಂಥದು. ಮೂಟೆ ಹೊತ್ತು ಹೊತ್ತು ಸೊಂಟ ಕೈಕೊಟ್ಟ ಮೇಲೆ ಅವನಿಗೆ ಸಿಕ್ಕಿದ್ದು ನಿಲ್ಲುವ ಕೆಲಸ. ಆ ಗೋದಾಮಿನ ಓಣಿಗಳಲ್ಲಿ ಸರಕು ಹೊತ್ತು ಓಡಾಡುವುದು ಚಾಲಕನಿಲ್ಲದ ಗಾಡಿಗಳು. ರಿಪೇರಿಯಾಗಿ ಬಂದ ಪ್ರತಿ ಗಾಡಿಗೂ ಅವನು ಅಡ್ಡ ಹೋಗಿ ನಿಲ್ಲಬೇಕು. ಗಾಡಿಯ ಮೂತಿಯಲ್ಲಿ ಮುಷ್ಟಿಗಾತ್ರದ ಲೇಸರ್ ಕಣ್ಣೊಂದಿದೆ. ಅದು ನಮಗೆ ಕಾಣದ ಬೆಳಕನ್ನು ಚುಕ್ಕಿ ಚುಕ್ಕಿಯಾಗಿ ಮುಂದಕ್ಕೆ ಎಸೆಯುತ್ತದೆ. ಆ ಬೆಳಕು ಯಾವುದಕ್ಕೋ ತಾಗಿ ವಾಪಸು ಬರಲು ಹಿಡಿದ ಹೊತ್ತಿನಿಂದ ದೂರ ಎಷ್ಟೆಂದು ಲೆಕ್ಕ ಹಾಕುತ್ತದೆ. ಹತ್ತಿರ ಎಂದು ಕಂಡರೆ ಗಾಡಿ ನಿಲ್ಲಬೇಕು. ನಿಂತರೆ ಪಾಸು. ನಿಲ್ಲದಿದ್ದರೆ ಗೋಡೆ ಪಕ್ಕಕ್ಕೆ ಹಾರಬೇಕು. ಸೊಂಟ ಹೋದವನಿಗೆ ಹಾರುವ ಕೆಲಸ ಕೊಟ್ಟ ಪುಣ್ಯಾತ್ಮ ಯಾರೋ, ಅವನ ಬುದ್ಧಿಗಿಷ್ಟು ಬೆಂಕಿ ಬೀಳ!

"ದಿನವೆಲ್ಲಾ ಕಂಬದ ಹಾಗೆ ನಿಂತು ಬರ್ತೀರಿ, ಮನೇಲೂ ಸ್ವಲ್ಪ ನಿಂತ್ಕೊಳ್ಳಿ. ಬಟ್ಟೆ ಹಗ್ಗ ಕಟ್ಟೋಕೆ ಒಂದು ಕಂಬ ಕಮ್ಮಿ ಇದೆ" ಎಂದು ಹೆಂಡತಿ ಚುಡಾಯಿಸುತ್ತಿದ್ದಳು. ಅವನೂ ಹಲ್ಲು ಕಿರಿಯುತ್ತಿದ್ದ. ಒಳಗೊಳಗೇ ಅವನಿಗೆ ಆ ಕೆಲಸದ ಮೇಲೆ ಎಲ್ಲಿಲ್ಲದ ಅಭಿಮಾನ. ಆನೆಯಂಥ ಗಾಡಿ ಗುರುಗುಟ್ಟುತ್ತಾ ಬಂದು ತನ್ನ ಎದೆಯ ಮುಂದೆ ಬಾಲ ಮುದುರಿ ನಿಂತುಬಿಟ್ಟರೆ ಯಾರಿಗೆ ತಾನೇ ಹೆಮ್ಮೆಯಾಗುವುದಿಲ್ಲ?

ಆ ಹೆಮ್ಮೆಯಲ್ಲೇ ಅವನು ತಮ್ಮನನ್ನೂ ಅಲ್ಲಿಗೆ ಸೇರಿಸಿದ. ತಮ್ಮ ಮಹಾ ಪುಕ್ಕಲ. ದೂರದಲ್ಲಿ ಗಾಡಿಯ ಸದ್ದು ಕೇಳಿದರೆ ಸಾಕು, ಕೈಯಲ್ಲಿದ್ದುದನ್ನು ಕೆಳಗಿಟ್ಟು ಕಪಾಟಿಗೆ ಹಲ್ಲಿಯಂತೆ ಅಂಟಿಕೊಂಡು, ಅದು ಹೋಗುವ ತನಕ ಕಣ್ಣು ಕೀಳದೆ ನೋಡುತ್ತಿದ್ದ. ಜೊತೆಯವರು ಬಿದ್ದು ಬಿದ್ದು ನಕ್ಕರು. ಕೆಲಸ ಹಿಂದೆ ಬಿತ್ತು; ಮೇಸ್ತ್ರಿ ಗದರಿದ. ಕೊನೆಗೆ ಅಣ್ಣನೇ ಬುದ್ಧಿ ಹೇಳಿದ.

"ಲೋ, ದಿನಾ ಅದಕ್ಕೆ ಅಡ್ಡ ನಿಲ್ಲೋನು ನಾನು. ಅದಕ್ಕೆ ಕಣ್ಣಿದೆ ಕಣೋ. ನೀನು ಹಿಂದೆ ಮುಂದೆ ನೋಡದೆ ನಿನ್ನ ಕೆಲಸ ಮಾಡು, ಅದೇ ನಿಲ್ಲುತ್ತೆ."

ತಮ್ಮನಿಗೆ ಅಣ್ಣನ ಮಾತೆಂದರೆ ವೇದವಾಕ್ಯ. ಮೊದಮೊದಲು ಹಲ್ಲು ಕಚ್ಚಿಕೊಂಡು ಧೈರ್ಯ ಮಾಡಿದ, ಆಮೇಲೆ ಅಭ್ಯಾಸವಾಯಿತು. ಬೆನ್ನ ಹಿಂದೆ ಗಾಡಿ ಬಂದರೂ ತಿರುಗಿ ನೋಡುವುದನ್ನು ಬಿಟ್ಟ.

ಮಳೆ ಹೊಡೆಯುತ್ತಿದ್ದ ಒಂದು ಬೆಳಗ್ಗೆ ಅವನು ಅಂಗಳದಲ್ಲಿ ಲಾರಿಯಿಂದ ಸರಕು ಇಳಿಸುತ್ತಿದ್ದ. ಹೊಳೆಯುವ ಪಟ್ಟಿಯಿದ್ದ ಸಮವಸ್ತ್ರದ ಮೇಲೆ ಕರಿ ರಬ್ಬರಿನ ಮಳೆಕೋಟು. ಅದರ ಟೊಪ್ಪಿಗೆಯನ್ನು ಹಣೆಯವರೆಗೂ ಎಳೆದುಕೊಂಡಿದ್ದ. ತೊಟ್ಟಿಕ್ಕುವ ಕೋಟಿನಲ್ಲೇ ಒಳಗೆ ಬಂದು, ಓಣಿಗೆ ತಿರುಗಿ, ಕೆಳಗೆ ಬಿದ್ದಿದ್ದ ಪೆಟ್ಟಿಗೆಯೊಂದನ್ನು ಎತ್ತಲು ಬಗ್ಗಿದ. ಹಿಂದಿನಿಂದ ಗಾಡಿ ಬಂತು. ಅವನು ತಿರುಗಿ ನೋಡಲಿಲ್ಲ, ಗಾಡಿ ನಿಲ್ಲಲಿಲ್ಲ. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ತನಿಖೆಗೆ ಬಂದವರು ಗಾಡಿಯ ಕಣ್ಣನ್ನು ಬಿಚ್ಚಿ ನೋಡಿದರು. ಅದು ಕೆಟ್ಟಿರಲಿಲ್ಲ. ಡಿಕ್ಕಿಯಾದ ಆ ಕ್ಷಣದಲ್ಲಿ ಅದಕ್ಕೆ ಕಂಡದ್ದೇನು ಎಂಬ ದಾಖಲೆ ತೆಗೆದರೆ ಒಂದೇ ಮಾತು: ದಾರಿ ಖಾಲಿ. ಖಾಲಿಯಂತೆ! ಹೆಂಡತಿ ಮಗಳು ಇದ್ದ ಆಳೆತ್ತರದ ಗಂಡಸು ಅಲ್ಲಿ ಬಗ್ಗಿ ನಿಂತಿದ್ದಾನೆ, ಈ ದರಿದ್ರ ಯಂತ್ರಕ್ಕೆ ಅದು ಖಾಲಿ!

ಆ ಮಾತನ್ನು ಯಂತ್ರ ಕಲಿತದ್ದೂ ಈ ಗೋದಾಮಿನವರಿಂದಲೇ. ಕೈಗಾಡಿಗಳ ಕಾಲದಲ್ಲಿ ತಿರುವು ಬಂದ ಕೂಡಲೇ "ದಾರೀ..." ಎಂದು ಕೂಗುವುದು ರೂಢಿ. ಆ ಕಡೆಯಿಂದ ಯಾರಾದರೂ "ಖಾಲೀ" ಎಂದು ಓಗೊಟ್ಟರೆ ಮಾತ್ರ ಗಾಡಿ ತಳ್ಳಬೇಕು. ಯಾರೂ ಓಗೊಡದಿದ್ದರೆ ಗಾಡಿ ನಿಲ್ಲಿಸಿ ಇಣುಕಿ ನೋಡಬೇಕು. ಯಂತ್ರಕ್ಕೆ ಪಾಠ ಹೇಳಲು ಬಂದವರು ಹಮಾಲರಿಂದ ಖಾಲಿ ಎಂಬ ಪದವನ್ನು ಎತ್ತಿಕೊಂಡರು, ಇಣುಕುವುದನ್ನು ಅಲ್ಲೇ ಬಿಟ್ಟರು.

ಗಾಡಿ ತಯಾರಿಸಿದ ಕಂಪನಿಯಿಂದ ಬಂದ ಇಂಜಿನಿಯರಮ್ಮ ಇದನ್ನು ಮುಚ್ಚಿಡಲಿಲ್ಲ. ಗೋಡೆಯನ್ನು ಎದುರಿಗೆ ಕೂರಿಸಿಕೊಂಡು ಹೇಳಿದಳು: "ಅಣ್ಣ, ಒದ್ದೆ ಕರಿ ರಬ್ಬರು ಬೆಳಕನ್ನ ನುಂಗಿಬಿಡುತ್ತೆ. ಉಳಿದಿದ್ದು ಅತ್ತಿತ್ತ ಜಾರಿ ಹೋಗುತ್ತೆ. ವಾಪಸ್ ಬರೋದು ಇಲ್ಲ ಅನ್ನೋಷ್ಟು ಕಮ್ಮಿ. ನಾವು ಬಾಗಿಲು ತಟ್ಟಿದ್ವಿ, ಒಳಗಿಂದ ಯಾರೂ ಓ ಅನ್ನಲಿಲ್ಲ, ಮನೇಲಿ ಯಾರೂ ಇಲ್ಲ ಅಂದ್ಕೊಂಡ್ವಿ. ತಪ್ಪು ನಮ್ದೇ."

ಗೋಡೆಗೆ ಆಗ ಹೊಳೆಯಿತು. ತಾನು ಇಷ್ಟು ವರ್ಷ ಅಡ್ಡ ನಿಂತದ್ದೆಲ್ಲ ಒಣಗಿದ ಸಮವಸ್ತ್ರದಲ್ಲಿ, ಎದೆಯ ಮೇಲೆ ಹೊಳೆಯುವ ಪಟ್ಟಿ ಮಿಂಚುತ್ತಿರುವಾಗ. ಗಾಡಿಗೆ ಕಂಡದ್ದು ಆ ಪಟ್ಟಿ. ತಾನೇ ಅದಕ್ಕೆ ಕಂಡೆನೆಂದು ಬೀಗಿದ್ದೇ ಬೀಗಿದ್ದು. ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಸತ್ತವನ ಕೆಲಸವನ್ನು ಹೆಂಡತಿಗೆ ಕೊಡುವುದೆಂದು ಗೋದಾಮಿನವರು ತೀರ್ಮಾನಿಸಿದರು. ಅದೇ ಗೋದಾಮು, ಅದೇ ಓಣಿ. ತಮ್ಮನ ಹೆಂಡತಿ ಗೋಡೆಯ ಮನೆಗೆ ಬಂದು ಬಾಗಿಲ ಬಳಿ ನಿಂತಳು. ಚುಡಾಯಿಸುವುದನ್ನೇ ಮರೆತುಬಿಟ್ಟಿದ್ದ ಗೋಡೆಯ ಹೆಂಡತಿ ವಾರಗಿತ್ತಿಯ ಕೈ ಹಿಡಿದು ಒಳಗೆ ಕರೆದಳು.

"ಗಾಡಿಗೆ ಹೊಸ ಬೆಳಕು ಹಾಕ್ತಾರಂತೆ ಭಾವ. ನೀವು ನೋಡಿ ಹೇಳಿ. ನಿಲ್ಲುತ್ತೆ ಅಂದ್ರೆ ಹೋಗ್ತೀನಿ, ಇಲ್ಲಾಂದ್ರೆ ಇಲ್ಲ. ಮಗೂಗೆ ಇನ್ನು ನಾನೊಬ್ಬಳೇ" ಎಂದಳು.

ಗೋಡೆ ಆಡಿದ ಮಾತೊಂದು ಒಂದು ಜೀವ ತೆಗೆದಿತ್ತು. ಈಗ ಇನ್ನೊಂದು ಮಾತು ಆಡಬೇಕು.

ಇಂಜಿನಿಯರಮ್ಮನ ಹೊಸ ಬೆಳಕು ಮೊದಲ ಸುತ್ತಿನಲ್ಲಿ ಎಲ್ಲ ಕಡೆಗೂ ತೆಳ್ಳಗೆ ಬೀಳುತ್ತದೆ. ಪ್ಲಾಸ್ಟಿಕ್ ಸುತ್ತಿದ ಸರಕು ಕಣ್ಣು ಕೋರೈಸುವಂತೆ ಉತ್ತರ ಕೊಟ್ಟರೆ ಅಲ್ಲಿಗೆ ಬೆಳಕು ಕಡಿಮೆ. ಉತ್ತರ ಬಾರದ ಕಡೆಯನ್ನು ಮಾತ್ರ ಬಿಡುವ ಹಾಗಿಲ್ಲ. ಅಲ್ಲಿಗೆ ಚುಕ್ಕಿಗಳನ್ನು ಒತ್ತೊತ್ತಾಗಿ, ಜೋರಾಗಿ, ಮತ್ತೆ ಮತ್ತೆ ಎಸೆಯಬೇಕು. ಉತ್ತರ ಬರುವ ತನಕ ಗಾಡಿ ನಿಧಾನವಾಗಬೇಕು. ಜನರ ಕಣ್ಣಿಗೆ ಹಾನಿಯಾಗದಂತೆ ಬೆಳಕಿಗೆ ಒಂದು ಮಿತಿಯಿದೆ. ಅದಕ್ಕೇ ಒಂದು ಕಡೆ ಉಳಿಸಿ ಇನ್ನೊಂದು ಕಡೆ ಸುರಿಯುವುದು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನಿ.

ಮೊದಲು ಬೊಂಬೆಯೊಂದಕ್ಕೆ ಒದ್ದೆ ಕರಿ ಕೋಟು ತೊಡಿಸಿ ಓಣಿಯಲ್ಲಿ ನಿಲ್ಲಿಸಿದರು. ಗಾಡಿ ನಿಂತಿತು. ಮತ್ತೆ ಮತ್ತೆ ನಿಂತಿತು. ಮೇಸ್ತ್ರಿ ಉಸ್ಸಪ್ಪಾ ಎಂದ.

"ನಾನು ನಿಲ್ತೀನಿ" ಎಂದ ಗೋಡೆ.

"ಬೇಡ ಅಣ್ಣ. ಬೊಂಬೆ ಸಾಕು" ಎಂದಳು ಇಂಜಿನಿಯರಮ್ಮ.

"ಬೊಂಬೆ ಸತ್ರೆ ಯಾರೂ ಅಳಲ್ಲ ಮೇಡಂ. ನಾನು ಮನೆಗೆ ಹೋಗಿ ಉತ್ತರ ಹೇಳಬೇಕು."

ಅವಳು ಗಾಡಿ ನಿಲ್ಲಿಸುವ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಒಪ್ಪಿದಳು. ಗೋಡೆ ಬೊಂಬೆಯ ಕೋಟು ಬಿಚ್ಚಿ ತಾನು ತೊಟ್ಟು, ತಲೆಯ ಮೇಲೆ ಬಕೆಟ್ ನೀರು ಸುರಿಸಿಕೊಂಡ. ತಮ್ಮ ನಿಂತಿದ್ದ ಜಾಗದಲ್ಲೇ, ತಮ್ಮನಂತೆಯೇ ಗಾಡಿಗೆ ಬೆನ್ನು ಹಾಕಿ ಬಗ್ಗಿದ. ಹಿಂದೆ ಸದ್ದು ಶುರುವಾಯಿತು. ಬರುವ ಗಾಡಿಯನ್ನು ಅವನು ಯಾವತ್ತೂ ಎದುರಿನಿಂದ ಕಂಡವನು; ಬೆನ್ನಿಂದ ಕೇಳಿದರೆ ಹೇಗಿರುತ್ತದೆಂದು ಆಗ ಗೊತ್ತಾಯಿತು. ತಿರುಗಿ ನೋಡಬೇಕೆಂದು ಕತ್ತು ಎಳೆಯಿತು. ನೋಡಲಿಲ್ಲ. ಸದ್ದು ಸಣ್ಣದಾಗುತ್ತಾ ಬಂತು, ಆಮೇಲೆ ನಿಂತೇಹೋಯಿತು. ತಿರುಗಿದರೆ, ನಡುವೆ ಒಂದು ಮಂಚ ಹಾಕುವಷ್ಟು ಜಾಗ ಬಿಟ್ಟು ಗಾಡಿ ನಿಂತಿತ್ತು.

ಮೇಸ್ತ್ರಿ ಚಪ್ಪಾಳೆ ಹೊಡೆದ. ಗೋಡೆ ಒದ್ದೆ ನೆಲದ ಮೇಲೆ ಕುಸಿದು ಕೂತು ಕೇಳಿದ: "ದೀಪ ಹೊಸದು ಹಾಕಿದ್ರಾ ಮೇಡಂ?"

"ಇಲ್ಲ ಅಣ್ಣ. ದೀಪ ಹಳೇದೇ."

"ಕಣ್ಣು?"

"ಅದೂ ಅದೇ. ಕೇಳೋ ರೀತಿ ಮಾತ್ರ ಬೇರೆ."

"ಅಂದ್ರೆ ಅವತ್ತೂ ಅವನು ಇದಕ್ಕೆ ಕಾಣಿಸ್ತಿದ್ನಾ?"

ಅವಳು ಗುಂಡಿಯ ಮೇಲಿನ ಬೆರಳನ್ನು ಇನ್ನೂ ತೆಗೆದಿರಲಿಲ್ಲ. "ಕಾಣಿಸ್ತಿದ್ರು. ಇನ್ನೊಂದು ಸಲ ಕೇಳಿದ್ರೆ ಸಾಕಿತ್ತು" ಎಂದಳು.

ತಮ್ಮನ ಹೆಣದ ಮುಂದೆಯೂ ಬಾಯಿಬಿಟ್ಟು ಅಳದಿದ್ದ ಅವನು ಆಗ ಗೋಳೋ ಎಂದು ಅತ್ತ. ಹಮಾಲರು ಕೆಲಸ ನಿಲ್ಲಿಸಿ ಸುತ್ತ ನಿಂತರು.

ಸಂಜೆ ತಮ್ಮನ ಮನೆಗೆ ಹೋದ. ತಮ್ಮನ ಹೆಂಡತಿ ಮಗಳ ತಲೆ ಬಾಚುತ್ತಿದ್ದವಳು ಬಾಚಣಿಗೆಯನ್ನು ಅಲ್ಲೇ ಬಿಟ್ಟು ಎದ್ದು ನಿಂತಳು.

"ನಿಲ್ತಾ ಭಾವ?"

"ನಿಲ್ತು. ಬೆನ್ನು ಹಾಕಿದ್ರೂ ನಿಲ್ತು." ಬಾಚಣಿಗೆಯನ್ನು ಎತ್ತಿ ಅವಳ ಕೈಗಿಟ್ಟ. "ಆದ್ರೂ ನೀನು ತಿರುಗಿ ನೋಡೋದು ಬಿಡಬೇಡಮ್ಮ. ಅದು ನೂರು ಸಲ ನಿಂತ್ರೂ ನೀನು ನೋಡು. ಯಾರಾದ್ರೂ ನಗ್ತಾರೆ, ನಗಲಿ. ಪಕ್ಕಕ್ಕೆ ಸರಿದು ನಿಂತ್ಕೋ."

ಅವಳು ತಲೆಯೆತ್ತಿ ಅವನನ್ನು ನೋಡಿದಳು.

"ಮೊದಲು ಅವರು ಹಾಗೇ ಮಾಡ್ತಿದ್ರಲ್ಲ ಭಾವ" ಎಂದಳು.