ಮುಚ್ಚಳದ ತಪ್ಪು, ಸುಂಕಮ್ಮನ ತಲೆಗೆ

ಬೆಳಗಿನ ಐದೂವರೆ. ಕೊಟ್ಟೂರಿನ ಮಕ್ಕಳ ದವಾಖಾನೆಯೊಂದರ ಹೊರಕೋಣೆಯಲ್ಲಿ ಜೈತುನ್ ಬೀ ಸ್ಟೂಲಿನ ಮೇಲೆ ನಿಂತು ಹೊಸ ಮೀನಿನ ತೊಟ್ಟಿಯೊಳಗೆ ಮೊಳಕೈವರೆಗೆ ಕೈ ಇಳಿಸಿದ್ದಾರೆ. ಹಲ್ಲಿನ ನಡುವೆ ಹಳೆಯ ಮದುವೆ ಪತ್ರಿಕೆಯ ತುಂಡು. ಪಕ್ಕದಲ್ಲಿ ಕಸಬರಿಗೆ ಹಿಡಿದು ನಿಂತ ಸುಂಕಮ್ಮ ಆರು ವರ್ಷದಿಂದ ಇಲ್ಲಿ ಕಸ ಗುಡಿಸುವವರು. ಇನ್ನೊಂದು ಮೀನು ಸತ್ತರೆ ಸೋಮವಾರದಿಂದ ಬರಬೇಡ ಎಂದು ಮ್ಯಾನೇಜರ್ ಅವರಿಗೆ ಹೇಳಿಯಾಗಿದೆ.

ಒಂಬತ್ತು ದಿನದಲ್ಲಿ ಇಪ್ಪತ್ತೆರಡು ಮೀನು ಸತ್ತಿವೆ. ತೊಟ್ಟಿ ಕೂಡಿಸಿಹೋದ ಕಂಪನಿಯವನು ಕಾರಿನಲ್ಲಿ ಬಂದ, ಫೋಟೋ ಹೊಡೆದುಕೊಂಡ, ನೀರಿಗೆ ಒಂದು ಬೆರಳನ್ನೂ ಅದ್ದದೆ "ಕಾಳು ಜಾಸ್ತಿ ಹಾಕಿದ್ದಾರೆ" ಎಂದು ಬರೆದುಕೊಟ್ಟು ಹೋದ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸುವುದೆಂದರೆ ಇದೇ. ಕಾಳು ಹಾಕುವ ಕೆಲಸ ಸುಂಕಮ್ಮನದು. ಮ್ಯಾನೇಜರನ ಬೈಗುಳವೂ ಅವರಿಗೇ ಬಿತ್ತು, ಅದೂ ಮಕ್ಕಳನ್ನು ಎತ್ತಿಕೊಂಡು ಕೂತ ತಾಯಂದಿರೆಲ್ಲರ ಎದುರಿಗೆ.

"ಎರಡು ಚಿಟಿಕಿ ಹಾಕ್ತೀನ್ರಿ, ಅಷ್ಟ," ಎನ್ನುತ್ತಾರೆ ಸುಂಕಮ್ಮ. ಆ ಮಾತನ್ನು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಕೇಳಿದ್ದು, ಕೇಳಿ ತೊಟ್ಟಿ ನೋಡಲು ಬಂದದ್ದು ಜೈತುನ್ ಬೀ ಒಬ್ಬರೇ. "ಕಾಳು ತಿಂದು ಸತ್ರ ತೊಟ್ಟಿಯೊಳಗ ತೇಲಬೇಕಲ್ರಿ? ಎಲ್ಲಾ ಈ ಮೂಲಿ ಡಬ್ಬಿಯೊಳಗ ಯಾಕ ಸಿಗ್ತಾವ?"

ತೊಟ್ಟಿಯ ಒಂದು ಮೂಲೆಯಲ್ಲಿ ಗಾಜಿನ ಉದ್ದನೆಯ ಡಬ್ಬಿಯಿದೆ. ಮೇಲಿನ ನೀರು ಅದರೊಳಕ್ಕೆ ಹರಿದು, ಕೆಳಗೆ ಸೋಸಿಕೊಂಡು, ಪಂಪಿನಿಂದ ಮತ್ತೆ ಮೇಲೇರುತ್ತದೆ. ಮೀನು ಜಾರಿ ಬೀಳದಿರಲೆಂದು ಡಬ್ಬಿಯ ಬಾಯಿಗೆ ಬಾಚಣಿಗೆಯಂಥ ಹಲ್ಲುಗಳಿರುವ ಓವರ್‌ಫ್ಲೋ ಮುಚ್ಚಳ. ಆ ಮುಚ್ಚಳವೇ ಸರಿಯಾಗಿ ಕೂತಿಲ್ಲ.

ಜೈತುನ್ ಬೀಗೆ ಐವತ್ತೇಳು. ಪೇಟೆಯ ಅಂಗಡಿಯಲ್ಲಿ ಮೂವತ್ತೊಂದು ವರ್ಷದಿಂದ ಗಾಜು ಕೊಯ್ಯುತ್ತಿದ್ದಾರೆ. ದೇವರ ಪಟ, ತೀರಿಕೊಂಡವರ ಫೋಟೋ, ಬೀರುವಿನ ಕನ್ನಡಿ ಎಂದು ದಿನಕ್ಕೆ ಹದಿನಾಲ್ಕೋ ಹದಿನೈದೋ ತುಂಡು. ಎಡಗೈಯ ನಾಲ್ಕು ಬೆರಳಿಗೆ ಹೊಲಿಗೆ ಬಿದ್ದಿವೆ. ಗಂಡ ನೂರಸಾಬರ ಕಣ್ಣು ಮಂಜಾದ ಮೇಲೆ ಕೆಲಸವೆಲ್ಲ ಇವರದೇ. ಆದರೂ ಬಂದ ಗಿರಾಕಿ ಇವರ ಮುಖ ನೋಡಿಕೊಂಡೇ "ಮಿಸ್ತ್ರಿ ಇಲ್ಲೇನು?" ಎಂದು ಕೇಳುತ್ತಾನೆ. ಮೈ ಉರಿಯುತ್ತದೆ. "ಇಲ್ಲ, ಊಟಕ್ಕ ಹೋಗ್ಯಾನ ಅಂತ ಹೇಳಿ ನಾನ ಕೊಯ್ದು ಕೊಡ್ತೀನಿ," ಎಂದು ಅವರು ನಗುತ್ತಾರೆ.

ಅವರು ಟೇಪು ಹಿಡಿಯುವುದಿಲ್ಲ. ಈ ಊರಿನ ಯಾವ ಗೋಡೆಯೂ ಯಾವ ಗೂಡೂ ಮೂಲೆಮಟ್ಟಕ್ಕಿಲ್ಲ ಎಂಬುದು ಗೊತ್ತು. ಹಾಗಾಗಿ ಮದುವೆ ಪತ್ರಿಕೆಯ ರಟ್ಟನ್ನು ಜಾಗಕ್ಕೇ ಹಿಡಿದು ಅಚ್ಚು ತೆಗೆಯುತ್ತಾರೆ. ಈಗಲೂ ಆ ರಟ್ಟನ್ನು ಮುಚ್ಚಳದ ಸುತ್ತ ತೂರಿಸುತ್ತಾ ಬರುತ್ತಾರೆ. ಎರಡು ಮೂಲೆಯಲ್ಲಿ ಅದು ಸಲೀಸಾಗಿ ಒಳಗೆ ಹೋಗುತ್ತದೆ. ಗಾಜಿನ ಜೋಡಣೆಗೆ ಹಾಕಿದ ಅಂಟು ಅಲ್ಲಿ ಉಬ್ಬಿ ಗಟ್ಟಿಯಾಗಿದೆ. ಮುಚ್ಚಳದ ಚೂಪು ಮೂಲೆ ಅದರ ಮೇಲೆ ಕೂತು ಎತ್ತಿಕೊಂಡಿದೆ. ಮೀನು ಡಬ್ಬಿಯೊಳಕ್ಕೆ ಜಾರಿ ಸಾಯುತ್ತಿರುವುದು ಆ ಸಂದಿಯಿಂದಲೇ.

"ನಕಾಶಿ ನೋಡಿ ಕೊಯ್ದಾರ, ಜಾಗ ನೋಡಿಲ್ಲ. ಫೋನ್ ಮಾಡಿದ್ರ ಅಂಟು ಕಿತ್ತು ಹಾಕು ಅಂತಾನ ಆ ಕಂಪನಿ ಪುಣ್ಯಾತ್ಮ! ಅಂಟು ಕಿತ್ರ ತೊಟ್ಟಿ ಸೋರಂಗಿಲ್ಲೇನು? ಆಗ ಅದೂ ಸುಂಕಮ್ಮನ ಕಸೂರ ಆಕ್ಕೈತಿ."

ಪಂಪು ಬಂದ್ ಮಾಡಿಸಿ, ಮುಚ್ಚಳ ಹೊರತೆಗೆದು, ಅದರ ಎರಡು ಮೂಲೆಗಳನ್ನು ಅರದಿಂದ ಉಜ್ಜುತ್ತಾರೆ. ಕೂಡಿಸಿ ನೋಡುತ್ತಾರೆ, ಮತ್ತೆ ಉಜ್ಜುತ್ತಾರೆ. ನಾಲ್ಕನೆಯ ಸಲಕ್ಕೆ ರಟ್ಟು ಎಲ್ಲಿಯೂ ತೂರುವುದಿಲ್ಲ. ಇಡೀ ಕೆಲಸಕ್ಕೆ ಹಿಡಿದದ್ದು ನಲವತ್ತು ನಿಮಿಷ. ಇಷ್ಟಕ್ಕಾಗಿ ಒಬ್ಬ ಹೆಂಗಸಿನ ಅನ್ನ ಕಳೆಯಲು ಹೊರಟಿದ್ದರು!

ಆರೂವರೆಗೆ ಮ್ಯಾನೇಜರ್ ಬರುತ್ತಾನೆ, ನೋಡುತ್ತಾನೆ. "ಚಲೋ ಆತು ಬಿಡಮ್ಮ. ಸುಂಕಮ್ಮ, ನೀ ಸೋಮವಾರ ಬಾ," ಎಂದು ಒಳಗೆ ಹೊರಡುತ್ತಾನೆ.

ಜೈತುನ್ ಬೀ ಕೂಡಿಸಿದ್ದ ಮುಚ್ಚಳವನ್ನು ಮತ್ತೆ ಹೊರಗೆ ತೆಗೆಯುತ್ತಾರೆ.

"ಸಾಹೇಬ್ರ, ಮೊನ್ನಿ ಈಕಿಗೆ ಬೈದದ್ದು ಎಲ್ಲಿ?"

"ಇಲ್ಲೇ. ಯಾಕ?"

"ಹಂಗಾರ ಮಂದಿ ಬರ್ಲಿ. ಕಸೂರ ಸುಂಕಮ್ಮಂದಲ್ಲ, ಮುಚ್ಚಳದ್ದು ಅಂತ ಅವರ ಮುಂದ ಒಂದು ಮಾತು ಹೇಳ್ರಿ. ನನಗ ಮತ್ತೇನೂ ಬ್ಯಾಡ."

ಹಾಗೆಂದವರು ಬಾಗಿಲಿಗೆದುರಾಗಿ ಬೆಂಚಿನ ಮೇಲೆ ಕೂರುತ್ತಾರೆ, ಮುಚ್ಚಳವನ್ನು ಮಡಿಲಲ್ಲಿಟ್ಟುಕೊಂಡು. ಕಸಬರಿಗೆ ಗೋಡೆಗೆ ಆನಿಸಿ ಸುಂಕಮ್ಮನೂ ಬಂದು ಪಕ್ಕದಲ್ಲಿ ಕೂರುತ್ತಾರೆ. ಆರು ವರ್ಷದಲ್ಲಿ ಆ ಬೆಂಚಿನ ಮೇಲೆ ಅವರು ಕೂತದ್ದು ಇದೇ ಮೊದಲು.