ಎಡಗಡೆಯ ಮುಂದಿನ ಚಕ್ರ

ಎಂಬತ್ತರ ದಶಕದ ನಡುವೆ ನಾನು ಕೆಂಗೇರಿಯ ಶಾಲೆಯೊಂದರಲ್ಲಿ ಟೀಚರ್ ಆಗಿದ್ದೆ. ವಿಜಯನಗರದ ಮನೆಯಿಂದ ಮಾವನವರ ಹಳೆಯ ಕಾರನ್ನು ನಾನೇ ಓಡಿಸಿಕೊಂಡು ಹೋಗುತ್ತಿದ್ದೆ. ಜೊತೆಗೆ ಸಹೋದ್ಯೋಗಿಯೊಬ್ಬರು ಬರುತ್ತಿದ್ದರು. ಏಳು ತಿಂಗಳ ಬಸುರಿ. ಬಸ್ಸಿನ ನೂಕುನುಗ್ಗಲು ಬೇಡವೆಂದು ನಾನೇ ಕರೆದಿದ್ದೆ.

ಒಂದು ಬೆಳಿಗ್ಗೆ ಮೈಸೂರು ರಸ್ತೆಯಲ್ಲಿ ಕಾರು ಎಡಕ್ಕೆ ಎಳೆಯತೊಡಗಿತು. ಆಕ್ಸಿಲರೇಟರ್ ಎಷ್ಟು ಒತ್ತಿದರೂ ವೇಗ ಬರದು. ಏನೋ ಸುಟ್ಟ ವಾಸನೆ. ಇಳಿದು ನೋಡಿದರೆ ಎಡಗಡೆಯ ಮುಂದಿನ ಚಕ್ರದಿಂದ ಸಣ್ಣಗೆ ಹೊಗೆ! ಆಕೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ರಸ್ತೆಬದಿಗೆ ಸರಿದು ನಿಂತರು. ಅರ್ಧ ಗಂಟೆ ಕಾದ ಮೇಲೆ ಕಾರು ಏನೂ ಆಗದ ಹಾಗೆ ಹೊರಟಿತು.

ಮನೆ ಹತ್ತಿರದ ಮೆಕ್ಯಾನಿಕ್ ಮರುದಿನ ಚಕ್ರ ಎತ್ತಿ ತಿರುಗಿಸಿದ. ಸಲೀಸಾಗಿ ತಿರುಗಿತು. "ಮೇಡಂ, ಬ್ರೇಕ್ ಮೇಲೆ ಕಾಲಿಟ್ಕೊಂಡೇ ಓಡಿಸ್ತೀರೇನೋ" ಎಂದ.

"ಇರಬಹುದು ಕಣೇ, ನಿಂಗೇ ಗೊತ್ತಾಗಲ್ಲ" ಎಂದರು ನನ್ನವರು.

ನನಗೂ ಅನುಮಾನ ಬಂತು. ಅಂದಿನಿಂದ ಕಣ್ಣು ರಸ್ತೆಯ ಮೇಲಿದ್ದರೂ ಮನಸ್ಸೆಲ್ಲ ಬಲಗಾಲಿನ ಮೇಲೆ. ಆದರೂ ನಾಲ್ಕು ದಿನದಲ್ಲಿ ಅದೇ ವಾಸನೆ. ಆ ಸಂಜೆ ಆಕೆ ಮೆಲ್ಲಗೆ, "ನಾಳೆಯಿಂದ ಬಸ್ಸಲ್ಲೇ ಬರ್ತೀನ್ರೀ, ಬೇಜಾರು ಮಾಡ್ಕೋಬೇಡಿ" ಎಂದರು. ನನಗೆ ಅಳು ಬಂದಂತಾಯಿತು.

ಕೊನೆಗೆ ಬಿನ್ನಿಪೇಟೆಯಲ್ಲಿ ಲಾರಿ ರಿಪೇರಿ ಮಾಡುತ್ತಿದ್ದ ವಯಸ್ಸಾದ ಮೇಸ್ತ್ರಿಯೊಬ್ಬರ ಬಳಿ ಹೋಗಿ ನಡೆದದ್ದನ್ನೆಲ್ಲ ಹೇಳಿದೆ.

"ತಣ್ಣಗಾದ್ಮೇಲೆ ನೋಡಿದ್ರೆ ಏನ್ ಕಾಣ್ಸುತ್ತೆ ತಾಯಿ? ಬಿಸಿ ಇದ್ದಾಗ್ಲೇ ನೋಡ್ಬೇಕು. ಓಡ್ಸಿ, ನಾನೂ ಕೂತ್ಕೋತೀನಿ."

ಬೇಕೆಂದೇ ಮತ್ತೆ ಮತ್ತೆ ಬ್ರೇಕ್ ಹಾಕುತ್ತಾ ಓಡಿಸಿದೆ. ಅವರು ರಸ್ತೆ ನೋಡುತ್ತಿರಲಿಲ್ಲ, ನನ್ನ ಕಾಲನ್ನೇ ನೋಡುತ್ತಿದ್ದರು. ಕಾರು ಎಡಕ್ಕೆ ಎಳೆದದ್ದೇ, "ನಿಲ್ಸಿ" ಎಂದರು.

ಜಾಕ್ ಕೊಟ್ಟು ಚಕ್ರ ಎತ್ತಿದರು. ಅದು ಅಲುಗಲಿಲ್ಲ. ಬ್ರೇಕ್ ಆಯಿಲ್ ಬರುವ ಕಬ್ಬಿಣದ ಪೈಪಿನ ನಟ್ಟು ಸಡಿಲಿಸಿದರು. ಆಗಲೂ ಚಕ್ರ ಬಿಗಿಯಾಗಿಯೇ ಇತ್ತು. ಆಮೇಲೆ ಚಕ್ರದ ಹಿಂಬದಿಯಲ್ಲಿ ಆಯಿಲ್ ಹೊರಬಿಡುವ ಪುಟ್ಟ ನಿಪ್ಪಲ್ ಸಡಿಲಿಸಿದರು. ಆಯಿಲ್ ಚಿಮ್ಮಿತು, ಚಕ್ರ ಗರ್ರನೆ ತಿರುಗಿತು.

"ಇವೆರಡ್ರ ಮಧ್ಯೆ ಇರೋ ರಬ್ಬರ್ ಪೈಪ್ ಒಳಗೇ ಊದ್ಕೊಂಡಿದೆ. ನೀವು ಒತ್ತಿದ್ರೆ ಆಯಿಲ್ ಹೋಗುತ್ತೆ, ಕಾಲು ತೆಗೆದ್ರೆ ವಾಪಸ್ ಬರಲ್ಲ. ಬ್ರೇಕ್ ಹಿಡ್ಕೊಂಡೇ ಇರುತ್ತೆ, ಬಿಸಿಯಾಗುತ್ತೆ. ನಿಮ್ ಕಾಲಿಂದೇನೂ ತಪ್ಪಿಲ್ಲ."

ಆ ಕೊನೆಯ ಮಾತನ್ನು ಇನ್ನೊಮ್ಮೆ ಹೇಳಿಸಿಕೊಳ್ಳಬೇಕೆನಿಸಿತು, ಕೇಳಲು ನಾಚಿಕೆಯಾಯಿತು. ಎಡಬಲ ಎರಡೂ ಕಡೆಯ ರಬ್ಬರ್ ಪೈಪು ಬದಲಾಯಿಸಿಕೊಟ್ಟರು. ಮನೆಯಲ್ಲಿ ಹೇಳಿದಾಗ ನನ್ನವರು "ಹೌದಾ" ಎಂದು ಪೇಪರಿನ ಪುಟ ತಿರುವಿದರು.

ಸಹೋದ್ಯೋಗಿಗೆ ಎಲ್ಲ ವಿವರಿಸಿ ಮತ್ತೆ ಕರೆದೆ. "ಹೆರಿಗೆ ಆಗೋವರೆಗೂ ಬಸ್ಸೇ ಇರ್ಲಿ" ಎಂದು ನಕ್ಕರು. ಬಲವಂತ ಮಾಡಲಿಲ್ಲ. ಎಷ್ಟೋ ತಿಂಗಳು ನಾನೇ ದಾರಿಮಧ್ಯೆ ಕಾರು ನಿಲ್ಲಿಸಿ, ಇಳಿದು, ಬಿಸಿಯಾಗಿದೆಯೇನೋ ಎಂದು ಆ ಚಕ್ರದ ಹತ್ತಿರ ಅಂಗೈ ಹಿಡಿದು ನೋಡುತ್ತಿದ್ದೆ.