ಕೆನ್ನೆ ತಾಗದ ಕೋವಿ

ನಮ್ಮ ಮನೆಯ ಕೋವಿಯ ಮರಕ್ಕೆ ಬಣ್ಣ ಬರಲೆಂದು ದೊಡ್ಡ ಪಾತ್ರೆಯಲ್ಲಿ ಚಹಾಪುಡಿ ಕುದಿಸಿಕೊಟ್ಟವಳು ನಾನು. ಬಟ್ಟೆಯಲ್ಲಿ ಸೋಸಿ, ಆರಿಸಿ, ಉಪ್ಪಿನಕಾಯಿಯ ಖಾಲಿ ಬಾಟಲಿಗೆ ತುಂಬಿದೆ. ಹಬ್ಬದ ತಯಾರಿ ಎಂದೇ ಆಗ ಅಂದುಕೊಂಡಿದ್ದೆ.

ನನ್ನ ಗಂಡ ಕೊಡಗಿನವರು. ಇಲ್ಲಿ ಬನಾರಸ್ಸಿನಲ್ಲಿ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾರೆ. ನನ್ನ ತವರು ಹಾಸನವಾದ್ದರಿಂದ ಮನೆಯಲ್ಲಿ ಕನ್ನಡವೇ. ಅತ್ತೆ ತೀರಿಕೊಂಡ ಮೇಲೆ ಮಾವನೂ ನಮ್ಮ ಜೊತೆಗೆ ಬಂದರು. ಅವರ ಕಡೆ ಗದ್ದೆಯ ನಾಟಿ ಮುಗಿದ ಮೇಲೆ ಕೈಲ್‌ಪೊಳ್ದ್ ಎಂಬ ಹಬ್ಬ. ಅಂದು ಕೋವಿಯನ್ನು ಒರೆಸಿ ದೀಪದ ಮುಂದಿಟ್ಟು, ಮನೆಯ ಹಿರಿಯರು ಗಂಧ ಹಚ್ಚಿ, ಹೂವಿಟ್ಟು, ಕಿರಿಯರ ಕೈಗೆ ಕೊಡುತ್ತಾರೆ. ಊರಿನಲ್ಲಿ ಮಾವನ ಮನೆತನದ್ದೊಂದು ಹಳೆಯ ಕಾರ್ಬೈನ್ ಇದೆ, ಕುದುರೆ ಸವಾರರು ಹೆಗಲಿಗೆ ಹಾಕಿಕೊಳ್ಳುತ್ತಿದ್ದಂಥ ಗಿಡ್ಡ ಕೋವಿ. ಪಾಲಾದಾಗ ಅದು ಅವರ ಅಣ್ಣನ ಮನೆಗೆ ಹೋಯಿತು. ನಮ್ಮಲ್ಲಿರುವುದು ಗುರಿಯ ಅಭ್ಯಾಸಕ್ಕೆಂದು ಗಂಡ ಲೈಸೆನ್ಸ್ ಮಾಡಿಸಿ ಕೊಂಡ ಪಾಯಿಂಟ್ ಟೂ ಟೂ ರೈಫಲ್. ಪೆನ್ಸಿಲ್ ತುಂಡಿನಷ್ಟು ತೋಟಾ, ಕರಿ ಪ್ಲಾಸ್ಟಿಕ್ಕಿನ ಮೈ.

ಅದನ್ನು ಕಂಡರೆ ಮಾವನಿಗೆ ಆಗುತ್ತಿರಲಿಲ್ಲ. "ಇದಕ್ಕೆ ಗಂಧ ಹಚ್ಚಬೇಕಾ? ಹಾಗಾದರೆ ನಿನ್ನ ಮಿಕ್ಸಿಯನ್ನೂ ತಾ ಮಗಳೇ, ಅದಕ್ಕೂ ಹಚ್ಚಿಬಿಡ್ತೇನೆ" ಎನ್ನುತ್ತಿದ್ದರು. ಬಂದ ವರ್ಷ ಹಬ್ಬವೇ ಬೇಡವೆಂದರು. ಮರುವರ್ಷ ಆ ದಿನ ಬೆಳಿಗ್ಗೆಯೇ ವಾಕಿಂಗಿಗೆ ಹೊರಟವರು ಊಟದ ಹೊತ್ತಿಗೆ ಬಂದರು. ಅವರ ಕೈಯಿಂದ ಒಮ್ಮೆಯಾದರೂ ನಮ್ಮ ಮನೆಯಲ್ಲಿ ಗಂಧ ಹಚ್ಚಿಸಬೇಕು ಎಂಬುದು ಗಂಡನ ಆಸೆ. ನನ್ನದೂ.

ಗಂಡ ಊರಿನ ಕಾರ್ಬೈನಿನ ಫೋಟೋ ತರಿಸಿಕೊಂಡು ಕಂಟೋನ್ಮೆಂಟ್ ಕಡೆಯ ಬಂದೂಕಿನ ಅಂಗಡಿಗೆ ಹೋದರು. ಅಂಗಡಿಯವನು ನಕ್ಕನಂತೆ. "ಬಾಬೂಜಿ, ಲೋಗ್ ಪುರಾನೇ ಕೋ ನಯಾ ಕರಾತೇ ಹೈಂ!" ಜನ ಹಳೆಯದನ್ನು ಹೊಸದು ಮಾಡಿಸುತ್ತಾರೆ, ನೀವು ಉಲ್ಟಾ ಬಂದಿದ್ದೀರಿ ಎಂದು. ನಳಿಗೆ, ನಂಬರು, ಒಳಗಿನ ಯಂತ್ರ ಯಾವುದನ್ನೂ ಮುಟ್ಟುವುದಿಲ್ಲ, ಮರವನ್ನಷ್ಟೇ ಮಾಡಿಕೊಡುತ್ತೇನೆ ಎಂದ. ಅಕ್ರೋಟ್ ಮರದ ಹೊಸ ಮೈ ಬಂತು. ನಳಿಗೆಯನ್ನು ಮರಕ್ಕೆ ಬಿಗಿದ ಹಿತ್ತಾಳೆಯ ಪಟ್ಟಿಗಳು, ಪಕ್ಕದಲ್ಲಿ ಸವಾರನ ತೊಗಲಿನ ಪಟ್ಟಿ ಸಿಕ್ಕಿಸುವಂಥ ಉಂಗುರ. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಆ ಮರ ಮದುವೆಮನೆಯ ಸೋಫಾದಂತೆ ಹೊಳೆಯುತ್ತಿತ್ತು.

ಭಾನುವಾರ ಮಾವ ಸಾರನಾಥದ ಬಸ್ಸು ಹತ್ತಿ ಅಲ್ಲಿಯ ಹೊಲಗಳನ್ನು ನೋಡಿಕೊಂಡು ಬರುವುದು ರೂಢಿ. ಆ ಹೊತ್ತಿನಲ್ಲಿ ಗಂಡ ಬರೀ ಮರವನ್ನು ಕಳಚಿಕೊಂಡು ಬಾಲ್ಕನಿಯಲ್ಲಿ ಕೂತು ಅದಕ್ಕೆ ವಯಸ್ಸು ತುಂಬುತ್ತಿದ್ದರು. ನನ್ನ ಚಹಾ ನೀರು, ಸಾಸಿವೆ ಎಣ್ಣೆಯಲ್ಲಿ ಕಲಸಿದ ದೀಪದ ಮಸಿ, ಬೀಗದ ಕೈ ಗೊಂಚಲಿನಿಂದ ಅಲ್ಲಲ್ಲಿ ಪೆಟ್ಟು. ಕೊನೆಗೆ, ಗುರಿಯಿಡುವಾಗ ಕೆನ್ನೆ ಒರಗುವ ಜಾಗವನ್ನು ಉಪ್ಪು ಕಾಗದದಿಂದ ಉಜ್ಜಿ ಉಜ್ಜಿ ತಗ್ಗು ಮಾಡಿದರು. ಫೋಟೋದಲ್ಲಿ ಹಾಗೇ ಇತ್ತು.

"ಹೇಗಿದೆ? ನೂರು ವರ್ಷ ಆಯ್ತಾ?"

"ನಿಮಗಿಂತ ಒಂದೆರಡು ವರ್ಷ ದೊಡ್ಡದು ಅನ್ನಬಹುದು," ಎಂದೆ. ಇಬ್ಬರೂ ಮಕ್ಕಳಂತೆ ನಕ್ಕೆವು.

ಹಬ್ಬದ ದಿನ ಅಕ್ಕಿತರಿಯ ಉಂಡೆ, ಕಡಂಬುಟ್ಟು, ಬೇಯಿಸಿದೆ. ಹಂದಿಮಾಂಸದ ಬದಲು ಕೋಳಿಸಾರು. ಕೋವಿಗೆ ಮುಡಿಸುವ ಊರಿನ ಹೂವು ಇಲ್ಲೆಲ್ಲಿ, ಗೋದೌಲಿಯಾ ಪೇಟೆಯಿಂದ ಚೆಂಡುಹೂವಿನ ಹಾರ ತಂದದ್ದಾಯಿತು. ಮಾವ ಸ್ನಾನ ಮಾಡಿ ಬಂದವರು ದೀಪದ ಮುಂದೆ ಕೋವಿ ಕಂಡು ಬಾಗಿಲಲ್ಲೇ ನಿಂತರು. ಆಮೇಲೆ ಎತ್ತಿ ಕೆನ್ನೆಗಿಟ್ಟರು. ಹೆಬ್ಬೆರಳು ಆ ತಗ್ಗಿನ ಮೇಲೆ ಹೋಯಿತು, ಬಂತು.

"ಇದು ಯಾರು ಒರಗಿ ಸವೆಸಿದ್ದು?"

"ಫೋಟೋ ನೋಡಿ ಹಾಗೇ ಮಾಡಿದ್ದು, ಅಪ್ಪ," ಎಂದರು ಗಂಡ.

"ಊರಿಂದು ನನ್ನ ಅಜ್ಜ ಸವೆಸಿದ್ದು, ಮತ್ತೆ ಅಪ್ಪ, ಅಣ್ಣ. ನಾನೂ ಸ್ವಲ್ಪ." ಕೋವಿಯನ್ನು ಮೆಲ್ಲಗೆ ಕೆಳಗಿಟ್ಟರು. ಗಂಡನ ಮುಖ ಸಪ್ಪಗಾಯಿತು. ಅದನ್ನು ನೋಡಿದರೋ ಏನೋ, "ಇರಲಿ, ಮರ ಒಳ್ಳೆದುಂಟು. ಹೊಸ ಕೋವಿ ಅಂತಲೇ ಹಚ್ಚುತ್ತೇನೆ. ಗಂಧ ತೇಯಿ ಮಗಳೇ," ಎಂದರು.

ನನಗೆ ಕಣ್ಣು ತುಂಬಿ ಬಂತು. ಗಂಧ ತೇದು ಬಟ್ಟಲು ಕೊಟ್ಟೆ. ಅವರು ಬೆರಳು ಅದ್ದಿದ್ದರು, ಅಷ್ಟರಲ್ಲಿ ಊಟಕ್ಕೆ ಕರೆದಿದ್ದ ಧಾರವಾಡದ ಡಾಕ್ಟರಮ್ಮ ಗಂಡನೊಂದಿಗೆ ಬಂದರು.

"ಅಯ್ಯ, ಇದೇನ್ರೀ, ಮ್ಯೂಸಿಯಮ್‌ದಾಗಿಂದ ಎತ್ಕೊಂಡು ಬಂದೀರೇನು?"

ಮೆಚ್ಚುಗೆ ಕೇಳಿದ್ದೇ ನನ್ನ ಗಂಡ ಅರಳಿಬಿಟ್ಟರು. "ನಮ್ಮ ಮುತ್ತಜ್ಜನದು," ಎಂದರು.

ಇಲ್ಲಾರೀ, ಅದು ನಮ್ಮನೆ ಚಹಾಪುಡಿಯ ಪ್ರತಾಪ ಎಂದು ನಾನು ನಕ್ಕು ಹೇಳಬಹುದಿತ್ತು. ಬದಲಿಗೆ ನೀರಿನ ಲೋಟಗಳ ತಟ್ಟೆಯನ್ನು ಅವರ ಮುಂದೆ ಹಿಡಿದೆ. ಡಾಕ್ಟರಮ್ಮ ಮಾವನ ಕಡೆ ತಿರುಗಿದರು.

"ಖರೇ ಏನ್ರಿ ಅಜ್ಜಾರ? ನೀವ ಹೇಳ್ರಿ. ಇವರು ಮಾಸ್ತರು, ಕಥಿ ಕಟ್ಟತಾರ!"

ಎಲ್ಲರೂ ನಕ್ಕರು. ಮಾವ ಮಗನನ್ನು ನೋಡಿದರು. ಐವತ್ತು ದಾಟಿದ ಪ್ರೊಫೆಸರು ನೆಲ ನೋಡುತ್ತಿದ್ದರು.

"ಹೌದು," ಎಂದರು ಮಾವ. "ನನ್ನ ಅಜ್ಜನದು."

ಆಮೇಲೆ ಬೆರಳಿನ ಗಂಧವನ್ನು ಬಟ್ಟಲಿನ ಅಂಚಿಗೆ ಒರೆಸಿ, ಬಟ್ಟಲನ್ನು ಮಗನ ಕಡೆ ಸರಿಸಿದರು. "ನೀನೇ ಹಚ್ಚು. ನನಗೆ ಕೈ ನಡುಗ್ತದೆ."

"ವಯಸ್ಸಾತಲ್ರಿ ಪಾಪ," ಎಂದರು ಡಾಕ್ಟರಮ್ಮ.

ಕೈ ನಡುಗುತ್ತಿರಲಿಲ್ಲ. ದೀಪದ ಮುಂದೆ ಸುಳ್ಳಾಡಿದವರ ಕೈ ಅಂದು ಕೋವಿ ಮುಟ್ಟಬಾರದು, ಅದು ಅವರ ಮನೆಯ ನಡೆ. ಗಂಡನಿಗೂ ಗೊತ್ತು, ನನಗೂ ಗೊತ್ತು. ಮಗನ ಮಾನ ಉಳಿಸಲು ಅವರು ತಮ್ಮ ಹಬ್ಬವನ್ನು ಬಿಟ್ಟುಕೊಟ್ಟಿದ್ದರು. ಮೊದಲು ಸುಳ್ಳಾಡಿದ ಗಂಡನೇ, ಬಂದವರ ಮುಂದೆ ಬೇರೆ ದಾರಿಯಿಲ್ಲದೆ, ಗಂಧ ಹಚ್ಚಿದರು. ನಾನು ಎಲ್ಲರಿಗೂ ಬಡಿಸಿದೆ. ಸಾರು ಬಾಳ ಛಲೋ ಆಗೇದ ಎಂದು ಡಾಕ್ಟರಮ್ಮ ಎರಡನೆಯ ಸಲ ಹಾಕಿಸಿಕೊಂಡರು.

ಅವರು ಹೋದ ಮೇಲೆ ಗಂಡ, "ನಾಳೆಯೇ ಹೋಗಿ ಹಳೇ ಪ್ಲಾಸ್ಟಿಕ್ ಹಾಕಿಸಿಕೊಂಡು ಬರ್ತೇನೆ, ಅಪ್ಪ," ಎಂದರು.

"ಬೇಡ. ಮುಂದಿನ ವರ್ಷ ಅವರು ಬಂದು ಎಲ್ಲಿ ಹೋಯ್ತು ಅಂತ ಕೇಳಿದರೆ? ಆಗ ನಾನು ಇನ್ನೊಂದು ಹೇಳಬೇಕು." ದನಿಯಲ್ಲಿ ಸಿಟ್ಟಿರಲಿಲ್ಲ. "ಕಡಂಬುಟ್ಟು ಉಳಿದಿದ್ದರೆ ಒಂದು ಹಾಕು ಮಗಳೇ," ಎಂದರು.

ಆಮೇಲೆ ಪ್ರತಿವರ್ಷ ಡಾಕ್ಟರಮ್ಮ ಬರುತ್ತಾರೆ, ಜೊತೆಗೆ ಬೇರೆಯವರನ್ನೂ ಕರೆತರುತ್ತಾರೆ. ಗಂಧದ ಬಟ್ಟಲನ್ನು ನಾನು ಈಗ ನೇರವಾಗಿ ಗಂಡನ ಮುಂದೆಯೇ ಇಡುತ್ತೇನೆ. ಮಾವ ಕುರ್ಚಿಯಲ್ಲಿ ಕೂತು ಕೋವಿಯ ಕಥೆ ಹೇಳುತ್ತಾರೆ. ಈ ಸಲ ಹೊಸಬರೊಬ್ಬರು ತಗ್ಗಿನ ಮೇಲೆ ಕೈಯಾಡಿಸಿ ಇದೇನೆಂದು ಕೇಳಿದರು. "ನನ್ನ ಅಪ್ಪನ ಕೆನ್ನೆ," ಎಂದು ಶುರುಮಾಡಿದರು ಮಾವ.

ನಾನು ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು, ತೊಳೆದಿಟ್ಟ ತಟ್ಟೆಗಳನ್ನೇ ಮತ್ತೆ ತೊಳೆಯುತ್ತ ನಿಂತೆ. ಆದರೂ ಕೇಳಿಸುತ್ತಿತ್ತು.